ಮೌಸ್ ಅವರ ಕೈಯಲ್ಲೇ ಇರಲಿ

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ ಅರಿವು ಕೇಂದ್ರದಲ್ಲಿ, ಅಂದರೆ ಊರಿನ ಗ್ರಂಥಾಲಯದಲ್ಲಿ, ಮೇಲ್ವಿಚಾರಕಿ. ನಮ್ಮಲ್ಲಿ ಎರಡು ಕಂಪ್ಯೂಟರ್ ಇವೆ, ಇಂಟರ್ನೆಟ್ ಇದೆ. ಬೆಳಿಗ್ಗೆ ಪೇಪರ್ ಓದಲು ಬರುವ ಹಿರಿಯರು ‘ನಮಗೂ ಇದನ್ನ ಹೇಳಿಕೊಡಮ್ಮ’ ಅಂತ ಕೇಳಿದರು. ಕಾಲೇಜು ಹುಡುಗನೊಬ್ಬನನ್ನು ಕರೆಸಿ ಕ್ಲಾಸ್ ಮಾಡಿಸಿದೆ. ಮೊದಲ ದಿನ ಕೋಣೆ ತುಂಬಿತ್ತು. ಮೂರನೇ ವಾರಕ್ಕೆ ಇಬ್ಬರೇ ಉಳಿದರು. ಈಗ ಬರುವವರೆಲ್ಲ ‘ನನ್ನ ಪಹಣಿ ತೆಗೆದುಕೊಡು, ದುಡ್ಡು ಬಂದಿದೆಯಾ ನೋಡು’ ಅಂತಾರೆ. ಈ ವಯಸ್ಸಿನವರಿಗೆ ನಿಜವಾಗಿ ಕಲಿಸೋಕೆ ಆಗುತ್ತಾ? ಆಗುವುದಾದರೆ ಎಲ್ಲಿಂದ ಶುರು ಮಾಡಬೇಕು?

ಉತ್ತರ: ಆಗುತ್ತದೆ. ಎಪ್ಪತ್ತು ದಾಟಿದವರೂ ಕಲಿಯುತ್ತಾರೆ. ಆದರೆ ಕೋಣೆ ತುಂಬ ಜನರನ್ನು ಕೂರಿಸಿ ಪಾಠ ಮಾಡಿದರೆ ಕಲಿಯುವುದಿಲ್ಲ. ಆ ಹುಡುಗ ಏನು ಹೇಳಿಕೊಟ್ಟಿರಬಹುದು ಅಂತ ಊಹಿಸಬಲ್ಲೆ. ಇದು ಮಾನಿಟರ್, ಇದು ಸಿಪಿಯು, ಇದು ಕೀಬೋರ್ಡ್. ಪಾಪ, ಅವನಿಗೆ ಶಾಲೆಯಲ್ಲಿ ಹಾಗೇ ಕಲಿಸಿದ್ದು. ಆದರೆ ನಿಮ್ಮಲ್ಲಿಗೆ ಪೇಪರ್ ಓದಲು ಬರುವ ಯಜಮಾನರು ಪರೀಕ್ಷೆ ಬರೆಯಬೇಕಿಲ್ಲವಲ್ಲ. ಅವರಿಗೆ ಏನೋ ಒಂದು ಕೆಲಸ ಆಗಬೇಕಿದೆ. ಅದು ಯಾವುದು ಅಂತ ಅವರನ್ನು ಯಾರೂ ಕೇಳಿರಲಿಕ್ಕಿಲ್ಲ.

‘ಪಹಣಿ ತೆಗೆದುಕೊಡು’ ಅನ್ನುವುದನ್ನು ನೀವು ಕಾಟ ಅಂದುಕೊಂಡ ಹಾಗಿದೆ. ನನ್ನ ಕಣ್ಣಿಗೆ ಅದೇ ನಿಮ್ಮ ಪಾಠಪಟ್ಟಿ. ಕೆಲಸ ಏನೆಂದು ಅವರೇ ಹೇಳುತ್ತಿದ್ದಾರೆ. ಅದನ್ನು ನೀವು ಮಾಡಿಕೊಡುತ್ತೀರೋ, ಅವರ ಕೈಯಿಂದ ಮಾಡಿಸುತ್ತೀರೋ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ನೀವು ಮಾಡಿಕೊಟ್ಟರೆ ಎರಡು ನಿಮಿಷ, ಅವರಿಂದ ಮಾಡಿಸಿದರೆ ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆ ಕೊಡಬಲ್ಲ ಜಾಗ ಊರಲ್ಲಿ ಗ್ರಂಥಾಲಯ ಒಂದೇ. ಸೈಬರ್ ಸೆಂಟರ್‌ನವನಿಗೆ ಹಿಂದೆ ಸಾಲು ನಿಂತಿರುತ್ತದೆ. ಮನೆಯಲ್ಲಿ ಮಗನಿಗೆ ತಾಳ್ಮೆ ಇರುವುದಿಲ್ಲ. ‘ಕೊಡಿ ಇಲ್ಲಿ, ನಾನೇ ಮಾಡ್ತೀನಿ’ ಅಂತ ಫೋನ್ ಕಿತ್ತುಕೊಳ್ಳುತ್ತಾನೆ. ಅಪ್ಪನಿಗೆ ಕೆಲಸ ಆಯಿತು, ಕಲಿತದ್ದು ಸೊನ್ನೆ. ಜೊತೆಗೆ ‘ನನ್ನ ಕೈಲಿ ಆಗಲ್ಲ’ ಅನ್ನುವ ನಂಬಿಕೆ ಇನ್ನೂ ಗಟ್ಟಿಯಾಯಿತು.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಹಳ್ಳಿಯವರಿಗೆ ಡಿಜಿಟಲ್ ತಿಳಿವಳಿಕೆ ಕೊಡಲೆಂದು ಕೇಂದ್ರ ಸರ್ಕಾರ 2017ರಲ್ಲಿ ಶುರು ಮಾಡಿದ ದೊಡ್ಡ ಯೋಜನೆ ಇತ್ತಲ್ಲ, ಪಿಎಂಜಿದಿಶಾ ಅಂತ. ಆರು ಕೋಟಿ ಗ್ರಾಮೀಣ ಮನೆಗಳನ್ನು ಮುಟ್ಟುವ ಗುರಿ ಅದಕ್ಕಿತ್ತು, ಮನೆಗೊಬ್ಬರಿಗೆ 20 ಗಂಟೆಯ ತರಬೇತಿ. ಅದಕ್ಕೆ ಸೇರಲು ವಯಸ್ಸಿನ ಮಿತಿ 14ರಿಂದ 60. ಅಂದರೆ 61ರ ರೈತ, 65ರ ಅಜ್ಜಿ ಆ ಲೆಕ್ಕದಲ್ಲೇ ಇರಲಿಲ್ಲ. ಪಹಣಿ, ಪಿಂಚಣಿ, ಬ್ಯಾಂಕು, ಗ್ಯಾಸು ಎಲ್ಲವೂ ಫೋನಿಗೆ ಬಂದ ಕಾಲದಲ್ಲೇ ಹೀಗಾಯಿತು. ಹಾಗಾಗಿ ನಿಮ್ಮ ಹತ್ತಿರ ಬರುವವರು ಯಾವುದೋ ತರಬೇತಿ ತಪ್ಪಿಸಿಕೊಂಡವರು ಅಂದುಕೊಳ್ಳಬೇಡಿ. ಅವರನ್ನು ಯಾರೂ ಕರೆದೇ ಇರಲಿಲ್ಲ.

ಈಗ ಶುರುವಿನ ಮಾತು. ಒಂದು ನೋಟ್‌ಬುಕ್ ಇಡಿ. ಬಂದವರ ಹೆಸರು, ಅದರ ಮುಂದೆ ಒಂದೇ ಒಂದು ಕೆಲಸ. ‘ಕಂಪ್ಯೂಟರ್ ಕಲೀಬೇಕು’ ಅಂದರೆ ಬರೆದುಕೊಳ್ಳಬೇಡಿ. ‘ಕಲಿತು ಏನು ನೋಡಬೇಕು ಅಜ್ಜ?’ ಅಂತ ಕೇಳಿ. ಆಗ ನಿಜವಾದ ಉತ್ತರ ಬರುತ್ತದೆ. ಅಡಿಕೆ ರೇಟು. ದುಬೈನಲ್ಲಿರುವ ಮಗಳ ಮುಖ. ಯಕ್ಷಗಾನ. ಗೃಹಲಕ್ಷ್ಮಿ ದುಡ್ಡು ಬಂತೋ ಇಲ್ಲವೋ. ತಮ್ಮನ ಜಮೀನಿನ ಪಹಣಿಯಲ್ಲಿ ಯಾರ ಹೆಸರಿದೆ ಅನ್ನುವುದೂ ಬರಬಹುದು, ಅದಕ್ಕೆ ನೀವು ನಗದೆ ಬರೆದುಕೊಳ್ಳಬೇಕು!

ಒಂದು ಪಾಠ ಹೇಗಿರಬೇಕು ಅಂತ ಪಹಣಿಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಮೌಸ್ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಕರ್ನಾಟಕದ ಪಹಣಿಗಳು ‘ಭೂಮಿ’ ಯೋಜನೆಯಲ್ಲಿ ಕಂಪ್ಯೂಟರಿಗೆ ಬಂದು ಎರಡು ದಶಕ ದಾಟಿದೆ. ಕಂದಾಯ ಇಲಾಖೆಯ ಜಾಲತಾಣದಲ್ಲಿ ಸುಮ್ನೆ ನೋಡಲು ದುಡ್ಡು ಕೊಡಬೇಕಿಲ್ಲ. ಅಲ್ಲಿ ಮೊದಲು ಜಿಲ್ಲೆ ಆರಿಸಬೇಕು, ಆಮೇಲೆ ತಾಲ್ಲೂಕು, ಹೋಬಳಿ, ಗ್ರಾಮ. ಸರ್ವೆ ನಂಬರ್ ಟೈಪ್ ಮಾಡಬೇಕು. ಆಮೇಲೆ ಸರ್ನಾಕ್ (ಸರ್ವೆ ನಂಬರಿನ ಜೊತೆಗೆ ಬರುವ ಗುರುತು), ಹಿಸ್ಸಾ (ಆ ನಂಬರಿನೊಳಗಿನ ಪಾಲು), ವರ್ಷ. ಇದನ್ನೆಲ್ಲ ಆ ಯಜಮಾನರಿಗೆ ನೀವು ಹೇಳಿಕೊಡಬೇಕಾ? ಬಾಯಿಪಾಠ ಇರುತ್ತದೆ ಅವರಿಗೆ. ಶಾನುಭೋಗರು ಕೈಯಲ್ಲಿ ಬರೆಯುತ್ತಿದ್ದ ಕಾಲದಿಂದ ಆ ನಂಬರ್ ಅವರ ತಲೆಯಲ್ಲಿದೆ. ಅವರಿಗೆ ಹೊಸದು ಮೌಸ್ ಮಾತ್ರ. ವಿಷಯ ಗೊತ್ತು, ಉಪಕರಣ ಗೊತ್ತಿಲ್ಲ. ಆಗ ಕಲಿಕೆಯ ಅರ್ಧ ಭಾರ ಇಳಿಯುತ್ತದೆ.

ಈ ಒಂದೇ ಕೆಲಸದಲ್ಲಿ ಅವರು ಬಾಣದ ಗುರುತನ್ನು ಸರಿಯಾದ ಕಡೆ ತಂದು ನಿಲ್ಲಿಸುತ್ತಾರೆ, ಒಂದು ಸಲ ಒತ್ತುತ್ತಾರೆ, ಇಳಿಯುವ ಪಟ್ಟಿಯಲ್ಲಿ ತಮ್ಮ ಊರು ಹುಡುಕುತ್ತಾರೆ, ಚಕ್ರ ತಿರುಗಿಸಿ ಕೆಳಗೆ ಹೋಗುತ್ತಾರೆ, ಅಂಕಿ ಟೈಪ್ ಮಾಡುತ್ತಾರೆ, ತಪ್ಪಿದರೆ ಅಳಿಸುತ್ತಾರೆ. ನೀವು ‘ಸ್ಕ್ರೋಲ್’ ಅನ್ನುವ ಪದವನ್ನೇ ಹೇಳಬೇಕಿಲ್ಲ. ಊರಿನ ಹೆಸರು ಕೆಳಗಿದ್ದರೆ ಅವರೇ ಕೇಳುತ್ತಾರೆ, ‘ಕೆಳಕ್ಕೆ ಹೋಗೋದು ಹೇಗಮ್ಮ?’ ಆ ಪ್ರಶ್ನೆ ಬಂದ ಮೇಲೆ ಹೇಳಿದ್ದು ಮರೆಯುವುದಿಲ್ಲ. ತಮ್ಮದಾದ ಮೇಲೆ ಪಕ್ಕದ ಹೊಲದ್ದನ್ನೂ ನೋಡುತ್ತಾರೆ. ಬೇಡ ಅನ್ನಬೇಡಿ. ಅದೇ ಅಭ್ಯಾಸ. ಸರ್ಕಾರಿ ಜಾಲತಾಣ ಕೆಲವು ದಿನ ತೆರೆಯುವುದೇ ಇಲ್ಲ, ಅದೂ ನಿಮಗೆ ಗೊತ್ತು. ಅಂಥ ದಿನಕ್ಕೆಂದು ಕೃಷಿ ಮಾರಾಟ ವಾಹಿನಿಯ ಧಾರಣೆ ಪುಟ, ಒಂದು ಇ-ಪೇಪರ್ ಮೊದಲೇ ನೋಡಿ ಇಟ್ಟುಕೊಂಡಿರಿ. ‘ಸರ್ವರ್ ಡೌನ್’ ಆದರೆ ತಪ್ಪು ತಮ್ಮದಲ್ಲ ಅನ್ನುವುದನ್ನೂ ಅವರಿಗೆ ಹೇಳಬೇಕು. ಹೇಳದಿದ್ದರೆ ‘ನಾನೇನೋ ಕೆಡಿಸಿಬಿಟ್ಟೆ’ ಅಂತ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

ಈ ಕೆಡಿಸುವ ಭಯ ಸಣ್ಣದಲ್ಲ. ನಮ್ಮ ಹಿರಿಯರು ರೇಡಿಯೊ, ಟೀವಿಯನ್ನು ಬಟ್ಟೆ ಹೊದಿಸಿ ಕಾಪಾಡಿದವರು. ದುಬಾರಿ ವಸ್ತು, ಅದರಲ್ಲೂ ಪಂಚಾಯಿತಿ ಆಸ್ತಿ ಅಂದರೆ ಮುಟ್ಟಲು ಹಿಂಜರಿಯುತ್ತಾರೆ. ಬಾಯಿಮಾತಿನ ಧೈರ್ಯ ಸಾಲದು. ಮೊದಲ ದಿನವೇ ಅವರ ಕೈಯಿಂದ ಏನಾದರೂ ‘ಕೆಡಿಸಿ’, ಸರಿಮಾಡಿಸಿ. ಒಂದು ಚಿತ್ರ ಇಟ್ಟು ಡಿಲೀಟ್ ಮಾಡಿಸಿ, ರೀಸೈಕಲ್ ಬಿನ್‌ನಿಂದ ವಾಪಸ್ ತರಿಸಿ. ಒಂದು ಸಾಲು ಅಳಿಸಿಸಿ, ಕಂಟ್ರೋಲ್ ಮತ್ತು ಝಡ್ ಒತ್ತಿಸಿ ಮರಳಿ ಬರುವುದು ತೋರಿಸಿ. ಕಂಪ್ಯೂಟರನ್ನೇ ಆರಿಸಿ ಮತ್ತೆ ಹಚ್ಚಲಿ. ಆನ್ ಮಾಡುವುದು, ಆಫ್ ಮಾಡುವುದು ತನ್ನ ಕೈಲಿದೆ ಅಂತಾದರೆ ಭಯ ತಾನಾಗಿ ಸಡಿಲವಾಗುತ್ತದೆ.

ಇನ್ನು ಯಂತ್ರದ ವಿಷಯ. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಆದರೆ ಅರ್ಧಕ್ಕರ್ಧ ಜನ ಬಿಟ್ಟುಹೋಗುವುದು ಇದರಿಂದಲೇ ಅಂತ ನನ್ನ ಅಂದಾಜು. ನಿಮ್ಮ ಕಂಪ್ಯೂಟರ್ ಇಪ್ಪತ್ತರ ಹುಡುಗನ ಕಣ್ಣಿಗೆ, ಕೈಗೆ ಹೊಂದುವಂತೆ ಇದೆ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಒಳಗೆ ಹೋಗುವ ಬೆಳಕೇ ಕಡಿಮೆ. ಬಿಳಿ ಹಿನ್ನೆಲೆಯ ಮೇಲಿನ ಬೂದು ಅಕ್ಷರ ಅವರಿಗೆ ಕಾಣುವುದೇ ಇಲ್ಲ. ಆದರೆ ಅವರು ಹಾಗೆ ಹೇಳುವುದಿಲ್ಲ, ‘ಅರ್ಥವಾಗಲಿಲ್ಲ’ ಅನ್ನುತ್ತಾರೆ. ಕಾಣದೇ ಇರುವುದನ್ನು ತಿಳಿಯದೇ ಇರುವುದು ಅಂತ ನಾವು ತಪ್ಪು ತಿಳಿಯುತ್ತೇವೆ.

ಹಾಗಾಗಿ ಮೊದಲು ಅಕ್ಷರ ದೊಡ್ಡದು ಮಾಡಿ. ವಿಂಡೋಸ್ 10ರಲ್ಲಿ ಈಸ್ ಆಫ್ ಆಕ್ಸೆಸ್ ಅಂತಿದೆ, 11ರಲ್ಲಿ ಅದೇ ಆಕ್ಸೆಸಿಬಿಲಿಟಿ ಆಗಿದೆ. ಅಲ್ಲಿ ಅಕ್ಷರದ ಗಾತ್ರವನ್ನೂ ಬಾಣದ ಗಾತ್ರವನ್ನೂ ಹಿಗ್ಗಿಸಬಹುದು, ಬಾಣಕ್ಕೆ ಗಾಢ ಬಣ್ಣ ಕೊಡಬಹುದು. ಬ್ರೌಸರ್‌ನಲ್ಲಿ ಕಂಟ್ರೋಲ್ ಜೊತೆ ಪ್ಲಸ್ ಒತ್ತಿದರೆ ಪುಟ ಹಿಗ್ಗುತ್ತದೆ. ಇದನ್ನು ಅವರಿಗೂ ಕಲಿಸಿ, ತುಂಬಾ ಖುಷಿಪಡುತ್ತಾರೆ. ಮೌಸ್ ಸೆಟ್ಟಿಂಗಿನಲ್ಲಿ ಬಾಣದ ವೇಗ ಕಡಿಮೆ ಮಾಡಿ. ಡಬಲ್ ಕ್ಲಿಕ್ ವೇಗವನ್ನೂ ಇಳಿಸಿ. ಡಬಲ್ ಕ್ಲಿಕ್ ಅನ್ನುವುದು ಗಂಟು ನೋವಿನ ಬೆರಳಿಗೆ, ನಡುಗುವ ಕೈಗೆ ದೊಡ್ಡ ಶಿಕ್ಷೆ. ಎರಡು ಸಲ ಒತ್ತುವುದರೊಳಗೆ ಮೌಸ್ ಜರುಗಿರುತ್ತದೆ. ಅದರ ಬದಲು ಒಂದು ಸಲ ಒತ್ತಿ ಎಂಟರ್ ಹೊಡೆಯಲು ಹೇಳಿಕೊಡಿ. ಕೆಲಸ ಒಂದೇ. ಮೌಸಿನ ಎಡ ಗುಂಡಿಯ ಮೇಲೆ ಒಂದು ಕೆಂಪು ಬಿಂದಿ ಅಂಟಿಸಿಬಿಡಿ. ‘ಲೆಫ್ಟ್ ಕ್ಲಿಕ್’ ಅನ್ನುವ ಗೊಂದಲವೇ ಇಲ್ಲ, ‘ಬಿಂದಿ ಒತ್ತಿ’ ಅಂದರೆ ಸಾಕು.

ಕನ್ನಡಕದ್ದು ಇನ್ನೊಂದು ಕಥೆ. ಎರಡು ಭಾಗದ ಗಾಜು ಹಾಕುವವರು ಹತ್ತಿರದ್ದನ್ನು ಕೆಳಗಿನ ಭಾಗದಿಂದ ನೋಡುತ್ತಾರೆ. ಮಾನಿಟರ್ ಎತ್ತರದಲ್ಲಿದ್ದರೆ ಗದ್ದ ಮೇಲೆತ್ತಿ ಕೂರಬೇಕು. ಕಾಲು ಗಂಟೆಯಲ್ಲಿ ಕುತ್ತಿಗೆ ಹಿಡಿಯುತ್ತದೆ, ಮುಂದಿನ ವಾರ ಬರುವುದಿಲ್ಲ. ಮಾನಿಟರಿನ ಅಡಿಯಲ್ಲಿಟ್ಟ ಪುಸ್ತಕದ ಕಟ್ಟು ತೆಗೆದು ಕೆಳಗಿಳಿಸಿ, ಸ್ವಲ್ಪ ಹಿಂದಕ್ಕೆ ವಾಲಿಸಿ. ಕಿಟಕಿಯ ಬೆಳಕು ಪರದೆ ಮೇಲೆ ಬೀಳದಂತೆ ಮೇಜು ತಿರುಗಿಸಿ. ಚಕ್ರದ ಕುರ್ಚಿ ಇದ್ದರೆ ನೀವು ಇಟ್ಟುಕೊಳ್ಳಿ, ಅವರಿಗೆ ಅಲುಗಾಡದ ಕುರ್ಚಿ ಕೊಡಿ. ಪರದೆ ಮೇಲೆ ಮೂರು ನಾಲ್ಕು ಚಿತ್ರ ಮಾತ್ರ ಉಳಿಸಿ, ಬಾಕಿ ಎಲ್ಲ ಒಂದು ಫೋಲ್ಡರ್‌ಗೆ ಹಾಕಿ.

ಟೈಪಿಂಗ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟು: ಶುರುವಿನಲ್ಲಿ ಬೇಡವೇ ಬೇಡ. ನುಡಿ ಕೀಲಿಮಣೆಯಲ್ಲಿ ಕನ್ನಡ ಬರೆಯಲು ಇಂಗ್ಲಿಷ್ ಅಕ್ಷರದ ಕೀಲಿ ಗೊತ್ತಿರಬೇಕು. ಇಂಗ್ಲಿಷ್ ಬಾರದ ಅಜ್ಜನಿಗೆ ಅದು ಎರಡು ಪಟ್ಟು ಕೆಲಸ. ಬದಲಿಗೆ ಮಾತು ಬಳಸಿ. ಗೂಗಲ್‌ನಲ್ಲಿ ಕನ್ನಡದಲ್ಲಿ ಮಾತಾಡಿ ಹುಡುಕುವ ಸೌಲಭ್ಯ 2017ರಲ್ಲೇ ಬಂದಿದೆ. ಮೈಕ್ ಚಿತ್ರ ಒತ್ತಿ ‘ಇವತ್ತು ತಿಪಟೂರು ಕೊಬ್ಬರಿ ರೇಟು’ ಅಂದರೆ ಸಾಕು. ಓದು ಬರಹ ಕಡಿಮೆ ಇದ್ದವರಿಗೂ ಇದು ಒದಗುತ್ತದೆ. ಫೋನಿನಲ್ಲಾದರೆ ಗೂಗಲ್‌ನ ಕೀಲಿಮಣೆ ಆ್ಯಪ್ ಜಿಬೋರ್ಡ್‌ಗೆ ಕನ್ನಡ ಕೈಬರಹದ ಕೀಲಿಮಣೆ ಸೇರಿಸಬಹುದು. ಬೆರಳಲ್ಲಿ ಪರದೆ ಮೇಲೆ ‘ಅಮ್ಮ’ ಅಂತ ಬರೆದರೆ ಅಕ್ಷರವಾಗಿ ಬೀಳುತ್ತದೆ. ಹಳೆಯ ಕಾಲದ ಮೇಷ್ಟ್ರುಗಳಿಗೆ, ದುಂಡಗೆ ಬರೆಯುವವರಿಗೆ ಇದು ಸಿಕ್ಕರೆ ಕೆಳಗಿಡುವುದೇ ಇಲ್ಲ. ಅಕ್ಷರ ಒತ್ತಿಯೇ ಬರೆಯುತ್ತೇನೆ ಅನ್ನುವವರಿಗೆ ಒತ್ತಕ್ಷರದ ಗುಟ್ಟು ಹೇಳಿಕೊಡಬೇಕು. ‘ಅಪ್ಪ’ ಬರೆಯಲು ಅ, ಪ, ಆಮೇಲೆ ಅರ್ಧಾಕ್ಷರದ ಗುರುತು, ಮತ್ತೆ ಪ. ಈ ಗುರುತು ಎಲ್ಲಿದೆ ಅಂತ ತೋರಿಸದೇ ಬಿಟ್ಟರೆ ಎಲ್ಲರೂ ‘ಅಪಪ’ ಅಂತಲೇ ಬರೆಯುತ್ತಿರುತ್ತಾರೆ.

ಫೋನ್ ಮಾತು ಬಂತಲ್ಲ. ‘ಈಗ ಎಲ್ಲ ಫೋನಲ್ಲೇ, ಕಂಪ್ಯೂಟರ್ ಯಾಕೆ?’ ಅಂತ ನಿಮ್ಮನ್ನು ಯಾರಾದರೂ ಕೇಳಿಯೇ ಕೇಳುತ್ತಾರೆ. ದೊಡ್ಡ ಪರದೆಯಲ್ಲಿ ಇಬ್ಬರೂ ಒಟ್ಟಿಗೆ ನೋಡಬಹುದು, ಬೆರಳು ತಪ್ಪಿ ತಾಗಿ ಏನೋ ಆಗುವುದಿಲ್ಲ, ಓದಲು ಹಾಯಾಗಿರುತ್ತದೆ. ಕಲಿಯಲು ಅದು ಒಳ್ಳೆಯದು. ಆದರೆ ಅವರ ದಿನ ಕಳೆಯುವುದು ಫೋನಿನ ಜೊತೆಗೆ. ಹಾಗಾಗಿ ಅರ್ಧ ಸಮಯ ಅವರದೇ ಫೋನಿಗೆ ಕೊಡಿ, ಮಗ ಬಿಟ್ಟುಕೊಟ್ಟ ಹಳೆಯ ಫೋನ್ ಆದರೂ ಸರಿ. ಅದನ್ನು ಕನ್ನಡಕ್ಕೆ ಬದಲಿಸುವ ಮುಂಚೆ ಕೇಳಿ. ಕೆಲವರಿಗೆ ಕನ್ನಡ ಬೇಕು. ಇನ್ನು ಕೆಲವರು ‘ಸೆಟ್ಟಿಂಗ್ಸ್’ ಅನ್ನುವುದನ್ನು ಗುರುತು ಹಿಡಿದಿರುತ್ತಾರೆ, ಅದು ‘ಸೆಟ್ಟಿಂಗ್‌ಗಳು’ ಆದ ಕೂಡಲೇ ಗಾಬರಿಯಾಗುತ್ತಾರೆ.

ಫೋನಿನಲ್ಲಿ ನೀವು ಗಮನಿಸುವ ಮೊದಲ ತೊಂದರೆ ಬೆರಳಿನದು. ಹೊಲ ಮಾಡಿದವರ ಬೆರಳು ಒಣಗಿ ದಪ್ಪಗಟ್ಟಿರುತ್ತದೆ, ಪರದೆಗೆ ಸ್ಪರ್ಶ ಗೊತ್ತಾಗುವುದಿಲ್ಲ. ಅವರು ಗಟ್ಟಿಯಾಗಿ, ಜಾಸ್ತಿ ಹೊತ್ತು ಒತ್ತುತ್ತಾರೆ. ಫೋನ್ ಅದನ್ನು ಒತ್ತಿಹಿಡಿದದ್ದು ಅಂತ ತಿಳಿದು ಬೇರೇನೋ ತೆರೆಯುತ್ತದೆ. ಆಂಡ್ರಾಯ್ಡ್‌ನ ಆಕ್ಸೆಸಿಬಿಲಿಟಿಯಲ್ಲಿ ಒತ್ತಿಹಿಡಿಯುವ ಸಮಯವನ್ನು ‘ಲಾಂಗ್’ ಮಾಡಿದರೆ ಅರ್ಧ ತೊಂದರೆ ಹೋಗುತ್ತದೆ. ಬೆರಳು ಸ್ವಲ್ಪ ಒದ್ದೆ ಬಟ್ಟೆಗೆ ಒರೆಸಿಕೊಂಡರೂ ಆದೀತು. ಹೆಬ್ಬೆಟ್ಟು ಹೊಂದದೇ ಪರದಾಡಿದವರೂ ಇವರೇ. ಕೇಂದ್ರ ಸರ್ಕಾರದ ಪಿಂಚಣಿ, ಪಿಎಫ್ ಪಿಂಚಣಿ ಇರುವವರು ಊರಲ್ಲಿದ್ದರೆ ಜೀವನ್ ಪ್ರಮಾಣ್ ಪಾಠ ಇಡಿ, ಪಿಂಚಣಿದಾರರು ಬದುಕಿದ್ದಾರೆ ಅಂತ ವರ್ಷಕ್ಕೊಮ್ಮೆ ಕೊಡುವ ಡಿಜಿಟಲ್ ಪ್ರಮಾಣಪತ್ರ ಅದು. ಅದರಲ್ಲಿ 2021ರಿಂದ ಮುಖ ತೋರಿಸಿ ಪ್ರಮಾಣಪತ್ರ ಕೊಡುವ ದಾರಿ ಇದೆ, ಬೆರಳು ಬೇಕಿಲ್ಲ. ಕೇಂದ್ರದ ಪಿಂಚಣಿದಾರರಿಗೆ ಅದು ನವೆಂಬರ್ ಕೆಲಸ, 80 ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಅವಕಾಶ. ಆ ಪಾಠವನ್ನು ಸೆಪ್ಟೆಂಬರಿನಲ್ಲೇ ಇಟ್ಟುಕೊಳ್ಳಿ, ಕೊನೆ ವಾರದ ನೂಕುನುಗ್ಗಲಲ್ಲಿ ಯಾರೂ ಏನೂ ಕಲಿಯುವುದಿಲ್ಲ.

‘ದುಡ್ಡು ಬಂದಿದೆಯಾ ನೋಡು’ ಅನ್ನುವವರಿಗೆ ರಾಜ್ಯದ ಡಿಬಿಟಿ ಕರ್ನಾಟಕ ಆ್ಯಪ್ ಇದೆ. ಗೃಹಲಕ್ಷ್ಮಿಯಂಥ ಯೋಜನೆಗಳ ಹಣ ಯಾವ ಬ್ಯಾಂಕಿಗೆ, ಯಾವ ದಿನ ಹೋಯಿತು ಅಂತ ತೋರಿಸುತ್ತದೆ. ಆಧಾರ್ ನಂಬರ್, ಒಟಿಪಿ ಕೇಳುತ್ತದೆ, ಆಮೇಲೆ ನಾಲ್ಕಂಕಿಯ ಪಿನ್ ಇಟ್ಟುಕೊಳ್ಳಬೇಕು. ಅದನ್ನು ಅವರ ಫೋನಿನಲ್ಲೇ, ಅವರ ಬೆರಳಿನಿಂದಲೇ ಮಾಡಿಸಿ. ನೀವು ಮುಖ ಆ ಕಡೆ ತಿರುಗಿಸಿ.

ಮುಖ ತಿರುಗಿಸುವುದನ್ನು ತಮಾಷೆಗೆ ಹೇಳುತ್ತಿಲ್ಲ. ಪಿನ್ ಒತ್ತುವಾಗ ಕಲಿಸುವವರು ಎಲ್ಲರಿಗೂ ಕಾಣುವಂತೆ ತಿರುಗಿ ನಿಲ್ಲಬೇಕು. ಹಿರಿಯರು ನಿಮ್ಮನ್ನು ಮಗಳ ಹಾಗೆ ನಂಬುತ್ತಾರೆ, ‘ನೀನೇ ಒತ್ತಮ್ಮ, 1954, ನಾನು ಹುಟ್ಟಿದ ವರ್ಷ’ ಅಂತ ಎಲ್ಲರೆದುರು ಹೇಳಿಬಿಡುತ್ತಾರೆ. ನೀವು ಒತ್ತಿದರೆ ಎರಡು ನಷ್ಟ. ನಾಳೆ ಖಾತೆಯಲ್ಲಿ ಏನಾದರೂ ಹೆಚ್ಚುಕಡಿಮೆ ಆದರೆ ಮೊದಲು ಬರುವುದು ನಿಮ್ಮ ಹೆಸರು. ಅದಕ್ಕಿಂತ ಮುಖ್ಯವಾಗಿ, ಒಳ್ಳೆಯವರಿಗೆ ಪಿನ್ ಹೇಳಬಹುದು ಅನ್ನುವ ಪಾಠವನ್ನು ನೀವೇ ಕಲಿಸಿದ ಹಾಗಾಯಿತು. ನಾಳೆ ಫೋನಿನಲ್ಲಿ ಮಾತಾಡುವ ಕಳ್ಳನೂ ಒಳ್ಳೆಯವನ ಹಾಗೇ ಮಾತಾಡುತ್ತಾನೆ.

ಮೋಸದ ಪಾಠಕ್ಕೆ ಹೆಚ್ಚು ಸಮಯ ಕೊಡಿ, ಆದರೆ ಹೆದರಿಸಬೇಡಿ. ಬರೀ ಹೆದರಿಸಿದರೆ ಫೋನ್ ಮುಟ್ಟುವುದನ್ನೇ ಬಿಡುತ್ತಾರೆ. ಮೋಸದ ಬಗೆಗಳು ತಿಂಗಳಿಗೊಂದು ಹೊಸದು ಬರುತ್ತವೆ. ಮದುವೆ ಕರೆಯೋಲೆ ಅಂತ ವಾಟ್ಸಾಪ್‌ನಲ್ಲಿ ಎಪಿಕೆ ಫೈಲ್ ಬರುತ್ತದೆ, ಒತ್ತಿದರೆ ಕಳ್ಳ ಆ್ಯಪ್ ಫೋನಿಗೆ ಇಳಿಯುತ್ತದೆ. ‘ನಿಮ್ಮ ಹೆಸರಲ್ಲಿ ಡ್ರಗ್ಸ್ ಪಾರ್ಸೆಲ್ ಸಿಕ್ಕಿದೆ, ವೀಡಿಯೊ ಕಾಲ್‌ನಲ್ಲೇ ಇರಿ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ’ ಅಂತ ಪೊಲೀಸ್ ಬಟ್ಟೆ ಹಾಕಿದವನು ಬರುತ್ತಾನೆ. ಹಾಗೊಂದು ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ. ಕಸ್ಟಮರ್ ಕೇರ್ ನಂಬರ್ ಅಂತ ಗೂಗಲ್‌ನಲ್ಲಿ ಹುಡುಕಿದರೆ ಕಳ್ಳರು ಹಾಕಿದ ನಂಬರೂ ಸಿಗುತ್ತದೆ. ಇವನ್ನೆಲ್ಲ ಪಟ್ಟಿ ಮಾಡಿ ನೆನಪಿಡಿ ಅನ್ನಲು ಆಗುವುದಿಲ್ಲ. ಎರಡೇ ಮಾತು ಹಿಡಿದುಕೊಳ್ಳಲಿ. ಅವಸರ ಮಾಡಿಸುವವನ ಫೋನ್ ಇಡಬೇಕು. ದುಡ್ಡು ಬರಬೇಕಾದರೆ ಪಿನ್ ಒತ್ತುವ ಕೆಲಸ ಇರುವುದಿಲ್ಲ, ಯುಪಿಐ ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ.

ಕೇಳಲು ಸುಲಭ. ಮಾಡಲು ಕಷ್ಟ, ಯಾಕೆ ಗೊತ್ತಾ? ನಮ್ಮ ಹಿರಿಯರಿಗೆ ಮಾತಿನ ಮಧ್ಯೆ ಫೋನ್ ಇಡಲು ಬರುವುದಿಲ್ಲ. ಅದು ಅವಮರ್ಯಾದೆ. ಎದುರಿನವನು ‘ಸಾರ್, ಅಂಕಲ್’ ಅಂತ ನಯವಾಗಿ ಮಾತಾಡುತ್ತಿದ್ದರೆ ‘ಸರಿಯಪ್ಪ, ಹೇಳು’ ಅಂತ ಕೇಳುತ್ತಲೇ ಇರುತ್ತಾರೆ. ಅದಕ್ಕೇ ಇದನ್ನು ನಾಟಕವಾಡಿಸಿ. ಒಬ್ಬ ಹುಡುಗ ಹೊರಗೆ ನಿಂತು ಬ್ಯಾಂಕ್ ಮ್ಯಾನೇಜರ್ ಅಂತ ಫೋನ್ ಮಾಡಲಿ. ‘ಕೆವೈಸಿ ಆಗಿಲ್ಲ, ಸಂಜೆಯೊಳಗೆ ಖಾತೆ ಬಂದ್’ ಅನ್ನಲಿ. ಒಳಗಿನ ಅಜ್ಜ ‘ಬ್ಯಾಂಕಿಗೆ ಬಂದು ಮಾತಾಡ್ತೀನಿ’ ಅಂದು ಕೆಂಪು ಗುಂಡಿ ಒತ್ತಬೇಕು. ಮೊದಲ ಸಲ ಯಾರೂ ಒತ್ತುವುದಿಲ್ಲ. ಎಲ್ಲರೂ ನಗುತ್ತಾರೆ. ಎರಡು ಮೂರು ಸಲ ಆದ ಮೇಲೆ ಕೈಗೆ ಬರುತ್ತದೆ. ಇಷ್ಟಾದರೂ ಯಾರಿಗಾದರೂ ದುಡ್ಡು ಹೋದರೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್. ತಡಮಾಡಿದಷ್ಟು ಹಣ ಕೈಬದಲಾಗಿ ಹೋಗುತ್ತದೆ, ಬೇಗ ತಿಳಿಸಿದರೆ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ನಾಚಿಕೆಯಿಂದ ಮಗನಿಗೂ ಹೇಳದೆ ಎರಡು ದಿನ ಕೂರುವವರೇ ಹೆಚ್ಚು. ‘ಮೋಸ ಹೋದರೆ ಬೈಯುವುದಿಲ್ಲ, ಮೊದಲು ಇಲ್ಲಿಗೆ ಬನ್ನಿ’ ಅಂತ ಪಾಠದ ದಿನವೇ ಹೇಳಿಡಿ. 1930 ಅನ್ನು ಅವರ ಫೋನಿನಲ್ಲಿ ‘ಮೋಸ’ ಅನ್ನುವ ಹೆಸರಲ್ಲಿ ಉಳಿಸಿಕೊಡಿ.

ಗ್ರಂಥಾಲಯದ ಕಂಪ್ಯೂಟರಿನಲ್ಲಿ ಬ್ಯಾಂಕ್ ಕೆಲಸ ಮಾತ್ರ ಬೇಡ. ಅಲ್ಲಿ ಎಲ್ಲರೂ ಕೂರುತ್ತಾರೆ. ಕ್ರೋಮ್‌ನಲ್ಲಿ ಗೆಸ್ಟ್ ಅನ್ನುವ ಆಯ್ಕೆ ಇದೆ, ಅದರಲ್ಲೇ ತೆರೆಸಿ. ಮುಚ್ಚಿದ ಮೇಲೆ ಲಾಗಿನ್ ಉಳಿಯುವುದಿಲ್ಲ. ಆದರೆ ಇಳಿಸಿಕೊಂಡ ಫೈಲ್ ಹಾಗೇ ಇರುತ್ತದೆ. ಈಗಲೇ ಹೋಗಿ ನಿಮ್ಮ ಡೌನ್‌ಲೋಡ್ಸ್ ಫೋಲ್ಡರ್ ತೆರೆದು ನೋಡಿ. ಯಾರ್ಯಾರದೋ ಆಧಾರ್, ರೇಷನ್ ಕಾರ್ಡ್, ಅಂಕಪಟ್ಟಿ ಅಲ್ಲಿ ಬಿದ್ದಿದ್ದರೆ ನನಗೆ ಆಶ್ಚರ್ಯವಿಲ್ಲ. ಅದನ್ನು ಅಳಿಸಿ, ರೀಸೈಕಲ್ ಬಿನ್ನಿನಿಂದಲೂ ತೆಗೆಯುವುದನ್ನು ದಿನದ ಕೊನೆಯ ಕೆಲಸ ಮಾಡಿಕೊಳ್ಳಿ. ಪಾಸ್‌ವರ್ಡ್ ಎಲ್ಲೂ ಬರೆದಿಡಬಾರದು ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಇಮೇಲ್ ಪಾಸ್‌ವರ್ಡ್ ಮರೆತು ಹೋದರೆ ಅವರ ಪಾಲಿಗೆ ಎಲ್ಲ ಮುಗಿಯಿತು. ಮನೆಯ ಬೀರುವಿನಲ್ಲಿ ಪಾಸ್‌ಬುಕ್ ಜೊತೆ ಇಡುವ ಚಿಕ್ಕ ಪುಸ್ತಕದಲ್ಲಿ ಬರೆದಿಡಲಿ. ಫೋನಿನ ಕವರ್ ಒಳಗೆ ಮಾತ್ರ ಬೇಡ. ಎಟಿಎಂ ಪಿನ್, ಯುಪಿಐ ಪಿನ್ ಎಲ್ಲೂ ಬೇಡ.

ಸಮಯದ ವಿಷಯಕ್ಕೆ ಬರೋಣ. ಸಂಜೆ ಶಾಲೆ ಮಕ್ಕಳು ಬರುತ್ತಾರೆ, ಪೊಲೀಸ್ ಪರೀಕ್ಷೆಗೆ ಓದುವ ಹುಡುಗರು ಇರುತ್ತಾರೆ. ಅವರೆದುರು ತಡವರಿಸಲು ಹಿರಿಯರಿಗೆ ಮುಜುಗರ. ಬೆಳಿಗ್ಗೆ ಪೇಪರ್ ಓದಿ ಮುಗಿದ ಮೇಲೆ ಒಂದು ಒಂದೂವರೆ ಗಂಟೆ ಇಡಿ, ವಾರದಲ್ಲಿ ಅದೇ ದಿನ, ಅದೇ ಹೊತ್ತು. ಎರಡು ಕಂಪ್ಯೂಟರ್ ಇದ್ದರೆ ಎರಡೇ ಜನ, ಪಕ್ಕದಲ್ಲಿ ನೋಡುತ್ತ ಕೂರುವವರು ಇನ್ನಿಬ್ಬರು. ನೋಡುವವರೂ ಕಲಿಯುತ್ತಾರೆ, ಕೆಲವೊಮ್ಮೆ ಮೌಸ್ ಹಿಡಿದವರಿಗಿಂತ ಚೆನ್ನಾಗಿ. ಹೆಂಗಸರಿಗೆ ಬೇರೆ ಹೊತ್ತು ಬೇಕಾಗುತ್ತದೆ. ಬೆಳಿಗ್ಗೆ ಅವರಿಗೆ ಮನೆ, ಹಟ್ಟಿ ಬಿಟ್ಟು ಬರಲಾಗುವುದಿಲ್ಲ. ಎಷ್ಟೋ ಮನೆಯಲ್ಲಿ ಅವರದೆನ್ನುವ ಫೋನೂ ಇರುವುದಿಲ್ಲ. ಸ್ತ್ರೀಶಕ್ತಿ ಸಂಘದ ಸಭೆ ಯಾವ ಹೊತ್ತಿಗೆ ನಡೆಯುತ್ತದೆ ಅಂತ ವಿಚಾರಿಸಿ, ಅದಕ್ಕೆ ಹೊಂದಿಸಿ. ಒಬ್ಬರನ್ನೇ ಕರೆದರೆ ಬರುವುದಿಲ್ಲ, ಗೆಳತಿಯ ಜೊತೆ ಬರುತ್ತಾರೆ.

ಆ ಕಾಲೇಜು ಹುಡುಗನನ್ನು ಬಿಡಬೇಡಿ. ಅವನಿಗೆ ಒಂದೇ ನಿಯಮ ಹೇಳಿ: ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕಲಿಸಬೇಕು. ಮೌಸ್ ಮುಟ್ಟುವ ಹಾಗಿಲ್ಲ, ಫೋನ್ ಕಿತ್ತುಕೊಳ್ಳುವ ಹಾಗಿಲ್ಲ. ಆಗ ಬಾಯಲ್ಲಿ ಹೇಳಲೇಬೇಕಾಗುತ್ತದೆ, ಹೇಳಲು ಹೋದಾಗ ತಾನು ಎಷ್ಟು ಹೆಜ್ಜೆ ಹಾರಿಸುತ್ತಿದ್ದೇನೆ ಅಂತ ಅವನಿಗೇ ಗೊತ್ತಾಗುತ್ತದೆ. ‘ಅಲ್ಲೇ ಇದೆಯಲ್ಲ, ಕಾಣಲ್ವಾ?’ ಅನ್ನುವ ಮಾತು ಬೇಡ. ‘ಮೇಲೆ ಎಡಗಡೆ ಮೂಲೇಲಿ ಮೂರು ಗೆರೆ ಇದೆ, ಅಜ್ಜ’ ಅನ್ನಬೇಕು. ಮುದ್ರಿಸಿದ ಕೈಪಿಡಿ ಕೊಡುವ ಬದಲು ಹಿರಿಯರೇ ಬರೆದುಕೊಳ್ಳಲಿ, ತಮ್ಮ ಮಾತಿನಲ್ಲಿ, ಚಿತ್ರ ಬಿಡಿಸಿಕೊಂಡು. ‘ಹಸಿರು ಫೋನ್ ಚಿತ್ರ, ಮಗಳ ಫೋಟೊ, ಮೇಲೆ ಕ್ಯಾಮೆರಾ’ ಅಂತ ಬರೆದುಕೊಂಡದ್ದು ಯಾವ ಕೈಪಿಡಿಗಿಂತಲೂ ಮೇಲು. ಮುಂದಿನ ವಾರ ಅದೇ ಪಾಠ ಮತ್ತೆ. ಅದರ ಮುಂದಿನ ವಾರವೂ ಅದೇ. ಬೇಸರ ನಿಮಗೆ ಆಗುತ್ತದೆ, ಅವರಿಗೆ ಆಗುವುದಿಲ್ಲ. ಒಬ್ಬರು ಚೆನ್ನಾಗಿ ಕಲಿತರೆ ಅವರನ್ನೇ ಇನ್ನೊಬ್ಬರ ಪಕ್ಕ ಕೂರಿಸಿ. ಅರವತ್ತೆಂಟರವರು ಎಪ್ಪತ್ತರವರಿಗೆ ಹೇಳಿಕೊಟ್ಟರೆ ‘ಇವನಿಗೇ ಬಂತು ಅಂದಮೇಲೆ ನನಗೆ ಬರಲ್ವಾ?’ ಅನ್ನುವ ಹುರುಪು ಬರುತ್ತದೆ. ಯಾವ ಮೇಷ್ಟ್ರೂ ಅದನ್ನು ಕೊಡಲಾರರು.

ಅರ್ಜಿ ಹಾಕುವುದನ್ನು ಮಾತ್ರ ಮೈಮೇಲೆ ಎಳೆದುಕೊಳ್ಳಬೇಡಿ. ಅದಕ್ಕೆ ಗ್ರಾಮ ಒನ್ ಇದೆ, ಪಂಚಾಯಿತಿಯಲ್ಲಿ ಬಾಪೂಜಿ ಸೇವಾ ಕೇಂದ್ರ ಇದೆ. ಅಲ್ಲಿ ಹಾಕಿಸಿ, ಅರ್ಜಿ ನಂಬರ್ ತರಲಿ. ಅದು ಎಲ್ಲಿಯವರೆಗೆ ಬಂತು ಅಂತ ಸರ್ಕಾರಿ ಸೇವೆಗಳ ಜಾಲತಾಣ ಸೇವಾ ಸಿಂಧುವಿನಲ್ಲಿ ತಾವೇ ನೋಡಿಕೊಳ್ಳುವುದನ್ನು ನೀವು ಕಲಿಸಿ. ಅರ್ಜಿ ನಂಬರ್ ಬರೆದ ಚೀಟಿ ಜೇಬಿನಲ್ಲಿಟ್ಟುಕೊಂಡು ಬರುವವರಷ್ಟು ಒಳ್ಳೆಯ ವಿದ್ಯಾರ್ಥಿ ಬೇರೆ ಇಲ್ಲ.

ಎಲ್ಲರೂ ಕಲಿಯುತ್ತಾರಾ? ಇಲ್ಲ. ಕೆಲವರಿಗೆ ನೆನಪು ಕೈಕೊಡುತ್ತದೆ, ಕೆಲವರು ಮಾತಾಡಲು ಮಾತ್ರ ಬರುತ್ತಾರೆ, ಇನ್ನು ಕೆಲವರಿಗೆ ನಿಜವಾಗಿಯೂ ಬೇಕಿಲ್ಲ. ಬೇಡ ಅನ್ನುವವರನ್ನು ಪೇಪರ್ ಓದಲು ಬಿಡಿ. ಅದೂ ಗ್ರಂಥಾಲಯದ ಕೆಲಸವೇ. 2019ರಲ್ಲಿ ರಾಜ್ಯದ 5,000ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದ ಮೇಲೆ ಕಂಪ್ಯೂಟರ್, ಬಣ್ಣ, ಹೊಸ ಪೀಠೋಪಕರಣ ಎಲ್ಲ ಬಂದಿವೆ, ಮಕ್ಕಳಿಗಾಗಿ ಬಹಳ ಕೆಲಸ ಆಗಿದೆ. ಹಿರಿಯರಿಗೆ ಅಂತ ಬೇರೆ ಯಾರೋ ಕಾರ್ಯಕ್ರಮ ರೂಪಿಸಿ ಕಳಿಸುವವರೆಗೆ ಕಾಯುವ ಅಗತ್ಯ ನಿಮಗಿಲ್ಲ.

ಬೇಕಾಗುವ ಸಾಮಾನು ಕಡಿಮೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಒಂದು ಪುಟದ ಪತ್ರ ಕೊಡಿ: ವೈರ್ ಇರುವ ದೊಡ್ಡ ಮೌಸ್ ಎರಡು, ಕಿವಿಗೆ ಹಾಕುವ ಹೆಡ್‌ಫೋನ್ ಎರಡು, ಒಂದು ಮೈಕ್, ಯುಪಿಎಸ್‌ಗೆ ಹೊಸ ಬ್ಯಾಟರಿ, ಕೈ ಇರುವ ಗಟ್ಟಿ ಕುರ್ಚಿ ಎರಡು. ಬ್ಯಾಟರಿಯನ್ನು ಮರೆಯಬೇಡಿ. ಕಷ್ಟಪಟ್ಟು ಸರ್ವೆ ನಂಬರ್‌ವರೆಗೆ ಬಂದಾಗ ಕರೆಂಟ್ ಹೋದರೆ ಮತ್ತೆ ಜಿಲ್ಲೆಯಿಂದ ಶುರು ಮಾಡಿಸುವುದು ಬಹಳ ಕಷ್ಟ. ಪತ್ರದ ಜೊತೆ ಆ ನೋಟ್‌ಬುಕ್‌ನ ಮೊದಲ ಪುಟದ ಜೆರಾಕ್ಸ್ ಲಗತ್ತಿಸಿ, ಹೆಸರು ಮುಚ್ಚಿ, ಕೆಲಸಗಳ ಸಾಲು ಮಾತ್ರ ಕಾಣುವ ಹಾಗೆ. ಯಾಕೆ ಬೇಕು ಅಂತ ಬೇರೆ ವಿವರಣೆ ಬರೆಯುವ ಶ್ರಮ ಉಳಿಯುತ್ತದೆ.